ಹೆಸರಿಡುವ ಮೊದಲೇ ಮರೆಯಾಗುತ್ತಿರುವ ಆಫ್ರಿಕಾದ ಮೀನುಗಳು

2025ರ ಜನವರಿಯಲ್ಲಿ ಸಿಹಿನೀರಿನ ಜೀವಿಗಳ ಬಗ್ಗೆ ಒಂದು ದೊಡ್ಡ ಜಾಗತಿಕ ಲೆಕ್ಕ ಹೊರಬಂತು. ಮೀನು, ಏಡಿ, ಸಿಗಡಿ, ಏರೋಪ್ಲೇನ್ ಚಿಟ್ಟೆ ಎಲ್ಲ ಸೇರಿ 23,000ಕ್ಕೂ ಹೆಚ್ಚು ಪ್ರಭೇದಗಳನ್ನು ನೋಡಿದ ಆ ಅಧ್ಯಯನ, ಅವುಗಳಲ್ಲಿ ಸುಮಾರು ಕಾಲು ಭಾಗ ಅಳಿವಿನ ಅಪಾಯದಲ್ಲಿವೆ ಎಂದು ಹೇಳಿತು. ಇಂಥ ಜೀವಿಗಳು ಅತಿ ಹೆಚ್ಚು ಇರುವ ಜಾಗಗಳನ್ನೂ ಗುರುತಿಸಿತು. ಆಫ್ರಿಕಾದ ವಿಕ್ಟೋರಿಯಾ ಸರೋವರ, ದಕ್ಷಿಣ ಅಮೆರಿಕದ ಟಿಟಿಕಾಕಾ, ಶ್ರೀಲಂಕಾದ ಮಳೆ ಜಾಸ್ತಿ ಬೀಳುವ ಭಾಗ, ಮತ್ತೆ ನಮ್ಮ ಪಶ್ಚಿಮ ಘಟ್ಟ. ಅದೇ ವರ್ಷದ ಜುಲೈನಲ್ಲಿ ಜಿಂಬಾಬ್ವೆಯ ವಿಕ್ಟೋರಿಯಾ ಜಲಪಾತದ ಬಳಿ ಜೌಗು ಪ್ರದೇಶಗಳ ರಕ್ಷಣೆಯ ರಾಮ್ಸಾರ್ ಸಮ್ಮೇಳನ ನಡೆದಾಗ ಆಫ್ರಿಕಾದ ಮೀನುಗಳ ವಿಷಯ ಮತ್ತೆ ಮುಂದೆ ಬಂತು. ಆ ಖಂಡದ ಸಿಹಿನೀರಿನಲ್ಲಿ ಇದುವರೆಗೆ ಗುರುತಿಸಿರುವ ಮೀನಿನ ಪ್ರಭೇದಗಳು 3,200ಕ್ಕೂ ಹೆಚ್ಚು. ಅವುಗಳಲ್ಲೂ ಕಾಲು ಭಾಗದಷ್ಟು ಅಪಾಯದಲ್ಲಿವೆ.

ಈ ಅಂಕಿಗಳನ್ನು ಓದುವಾಗ ಒಂದು ಮಾತು ನೆನಪಿರಬೇಕು. ಲೆಕ್ಕಕ್ಕೆ ಸಿಗುವುದು ಹೆಚ್ಚಾಗಿ ಹೆಸರಿರುವ ಮೀನು. ಒಂದು ಮೀನನ್ನು ಯಾರೋ ಹಿಡಿದು, ಅಳೆದು, ಹೋಲಿಸಿ, ವಿವರ ಬರೆದು, ಹೆಸರು ಕೊಟ್ಟು ಪ್ರಕಟಿಸುವವರೆಗೆ ಅದು ಅಳಿವಿನ ಅಪಾಯ ಅಳೆಯುವ ಜಾಗತಿಕ ಕೆಂಪು ಪಟ್ಟಿಗೆ ಸೇರುವುದು ಬಹಳ ಕಷ್ಟ. ಪಟ್ಟಿಯಲ್ಲಿ ಇಲ್ಲದ ಮೀನಿಗಾಗಿ ಯಾವ ಅಣೆಕಟ್ಟಿನ ವರದಿಯೂ ಒಂದು ಸಾಲು ಬರೆಯುವುದಿಲ್ಲ. ಯಾವ ಸರಕಾರವೂ ಬಲೆಯ ಕಣ್ಣಿನ ಅಳತೆ ಬದಲಿಸುವುದಿಲ್ಲ. ಮೀನಿನ ವರ್ಗೀಕರಣ ಅಂದರೆ ಮ್ಯೂಸಿಯಂನಲ್ಲಿ ಗಾಜಿನ ಸೀಸೆಗೆ ಚೀಟಿ ಅಂಟಿಸುವ ಕೆಲಸ ಎಂದು ಅನೇಕರು ತಿಳಿದಿದ್ದಾರೆ. ಆಫ್ರಿಕಾದ ಕಥೆ ನೋಡಿದರೆ, ಸಂರಕ್ಷಣೆಯ ಮೊದಲ ಹೆಜ್ಜೆಯೇ ಅದು ಎಂದು ನನಗೆ ಅನಿಸುತ್ತದೆ. ಆ ಹೆಜ್ಜೆ ಅಲ್ಲಿ ತುಂಬಾ ತಡವಾಗಿ ಬಿತ್ತು.

ಮೊದಲು ಆ ಖಂಡದ ಮೀನುಗಳು ಏನೆಲ್ಲ ಹೇಳುತ್ತವೆ ಅಂತ ನೋಡೋಣ. ಸೆನೆಗಲ್ ನದಿಯಿಂದ ನೈಲ್ ನದಿಯವರೆಗೆ ಸಾವಿರಾರು ಕಿಲೋಮೀಟರ್ ದೂರ. ನಡುವೆ ಒಣಭೂಮಿ. ಆದರೂ ಎರಡೂ ಕಡೆ ಒಂದೇ ಬಗೆಯ ಮೀನುಗಳು ಬಹಳ ಸಿಗುತ್ತವೆ. ಕಾರಣ, ಸುಮಾರು 11,000ದಿಂದ 5,000 ವರ್ಷಗಳ ಹಿಂದಿನವರೆಗೆ ಸಹಾರಾ ಹಸಿರಾಗಿತ್ತು, ಕೆರೆ ಹೊಳೆಗಳು ಒಂದಕ್ಕೊಂದು ಕೂಡಿಕೊಂಡಿದ್ದವು. ಲಿಬಿಯಾದ ಮರುಭೂಮಿಯಲ್ಲಿರುವ ಟಕರ್‌ಕೋರಿ ಎಂಬ ಬಂಡೆಯಾಸರೆಯಲ್ಲಿ ಅಗೆದಾಗ ಹಳೆಯ ಜನ ತಿಂದು ಬಿಸಾಡಿದ ಕ್ಯಾಟ್‌ಫಿಶ್ ಮತ್ತು ತಿಲಾಪಿಯಾ ಮೂಳೆಗಳು ರಾಶಿ ಸಿಕ್ಕವು. ಚಾಡ್ ದೇಶದ ಎನ್ನೆಡಿ ಬೆಟ್ಟಗಳ ಕೆಲವು ಹೊಂಡಗಳಲ್ಲಿ ಇವತ್ತಿಗೂ ಮೀನು ಇದೆ, ಮೊಸಳೆಯೂ ಇದೆ. ಯಾವ ಮೀನು ಯಾವುದರ ಸಂಬಂಧಿ ಅಂತ ಗೊತ್ತಾದರೆ ನೀರು ಎಲ್ಲೆಲ್ಲಿ ಹರಿದಿತ್ತು ಅಂತಲೂ ಗೊತ್ತಾಗುತ್ತದೆ.

ಇನ್ನು ಬಿಚಿರ್ ಎಂಬ ಮೀನು. ಬೆನ್ನ ಮೇಲೆ ಸಾಲಾಗಿ ಪುಟ್ಟ ಪುಟ್ಟ ರೆಕ್ಕೆಗಳು, ಮುಂದೆ ಮೋಟು ಕೈಗಳಂಥ ಎರಡು ರೆಕ್ಕೆ, ಒಳಗೆ ಒಂದು ಜೊತೆ ಶ್ವಾಸಕೋಶ. ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದಾಗ ಜೊತೆಗಿದ್ದ ವಿಜ್ಞಾನಿ ಜಾಫ್ರಾಯ್ ಸಾಂತ್ ಹಿಲೇರ್ ಇದನ್ನು ನೈಲ್ ನದಿಯಲ್ಲಿ ಕಂಡ. ಇದು ಯಾವ ಗುಂಪಿಗೆ ಸೇರಬೇಕು ಅನ್ನುವುದು ನೂರು ವರ್ಷ ಬಗೆಹರಿಯಲಿಲ್ಲ. ಭೂಮಿ ಮೇಲೆ ಹತ್ತಿದ ಪ್ರಾಣಿಗಳ ಹತ್ತಿರದ ನೆಂಟನೇ ಇರಬಹುದು ಎಂದು ಕೆಲವರು ನಂಬಿದ್ದರು. ಮರಿ ಹೇಗೆ ಬೆಳೆಯುತ್ತದೆ ಅಂತ ನೋಡಿದರೆ ಉತ್ತರ ಸಿಗಬಹುದು ಅಂತ ಜಾನ್ ಸ್ಯಾಮ್ಯುಯೆಲ್ ಬಜೆಟ್ ಎಂಬ ಇಂಗ್ಲಿಷ್ ಯುವಕ 1898ರಿಂದ 1903ರ ನಡುವೆ ನಾಲ್ಕು ಸಲ ಆಫ್ರಿಕಾಕ್ಕೆ ಹೋದ. ಕೊನೆಯ ಸಲ ನೈಜರ್ ನದಿಯ ಮುಖಜ ಭೂಮಿಯಲ್ಲಿ ಮೊಟ್ಟೆಗಳು ಸಿಕ್ಕವು. ಚಿತ್ರಗಳನ್ನು ಬರೆದುಕೊಂಡು ಊರಿಗೆ ಮರಳಿದವನು 1904ರ ಜನವರಿಯಲ್ಲಿ ಮಲೇರಿಯಾದ ತೀವ್ರ ಜ್ವರದಿಂದ ತೀರಿಹೋದ. ಆಗ ಅವನಿಗೆ 31 ವರ್ಷ. ಬಿಚಿರ್ ನಮ್ಮ ರೋಹು, ಕಾಟ್ಲಾಗಳಿರುವ ಕಡ್ಡಿರೆಕ್ಕೆ ಮೀನುಗಳ ಗುಂಪಿಗೇ ಸೇರಿದ್ದು, ಆದರೆ ಆ ಗುಂಪಿನ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದದ್ದು ಅಂತ ಮುಂದೆ ಗೊತ್ತಾಯಿತು. ಒಂದು ಮೀನು ಎಲ್ಲಿಗೆ ಸೇರುತ್ತದೆ ಎಂಬ ಪ್ರಶ್ನೆಗೆ ಜೀವ ಕೊಟ್ಟವರೂ ಇದ್ದಾರೆ.

ನೋಡಿ ಗುರುತಿಸಲು ಆಗದ ಮೀನುಗಳೂ ಅಲ್ಲಿವೆ. ಮಾರ್ಮಿರಿಡ್ ಎಂಬ ಕುಟುಂಬದಲ್ಲಿ 200ಕ್ಕೂ ಹೆಚ್ಚು ಪ್ರಭೇದ, ಎಲ್ಲವೂ ಆಫ್ರಿಕಾದವೇ. ಕೆಲವಕ್ಕೆ ಸೊಂಡಿಲಿನಂತೆ ಚಾಚಿದ ಮೂತಿ ಇರುವುದರಿಂದ ಆನೆಮೀನು ಅನ್ನುತ್ತಾರೆ. ಇವು ಬಾಲದ ಬುಡದಿಂದ ಸಣ್ಣ ವಿದ್ಯುತ್ ಮಿಡಿತ ಹೊರಡಿಸುತ್ತವೆ. ಕೆಸರು ನೀರಿನ ಕತ್ತಲಲ್ಲಿ ದಾರಿ ಕಂಡುಕೊಳ್ಳುವುದೂ, ತಮ್ಮವರನ್ನು ಗುರುತಿಸುವುದೂ ಅದರಿಂದಲೇ. ಗಬೋನ್ ದೇಶದ ಇವಿಂದೊ ನದಿಯಲ್ಲಿ ಕಾರ್ಲ್ ಹಾಪ್ಕಿನ್ಸ್ ಮತ್ತು ಅವರ ಜೊತೆಗಾರರು ಮೀನನ್ನು ಹಿಡಿದು ಪುಟ್ಟ ತೊಟ್ಟಿಯಲ್ಲಿ ಬಿಟ್ಟು, ನೀರಿಗೆ ಎರಡು ತಂತಿ ಇಳಿಸಿ, ಮಿಡಿತವನ್ನು ಪರದೆಯ ಮೇಲೆ ನೋಡಿದರು. ಒಂದರ ಮಿಡಿತ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಪಕ್ಕದಲ್ಲಿ ಅದೇ ತರ ಕಾಣುವ ಇನ್ನೊಂದರ ಮಿಡಿತ ಅದರ ಹಲವು ಪಟ್ಟು ಉದ್ದ, ಆಕಾರವೂ ಬೇರೆ. ಒಂದೇ ಅಂದುಕೊಂಡಿದ್ದ ಮೀನು ಹಲವು ಪ್ರಭೇದಗಳಾಗಿತ್ತು. ಸೀಸೆಯಲ್ಲಿ ಇಟ್ಟ ಸತ್ತ ಮೀನು ಇದನ್ನು ಯಾವತ್ತೂ ಹೇಳುತ್ತಿರಲಿಲ್ಲ. ಬದುಕಿರುವಾಗಲೇ, ಅದು ಬದುಕುವ ನೀರಿನ ದಡದಲ್ಲೇ ನೋಡಬೇಕಿತ್ತು.

ಈಗ ವಿಕ್ಟೋರಿಯಾ ಸರೋವರಕ್ಕೆ ಬರೋಣ. ವರ್ಗೀಕರಣ ಯಾಕೆ ಬೇಕು ಅನ್ನುವುದನ್ನು ಇದಕ್ಕಿಂತ ಗಟ್ಟಿಯಾಗಿ ಕಲಿಸುವ ಜಾಗ ಇನ್ನೊಂದಿಲ್ಲ.

ಕೆನ್ಯಾ, ಉಗಾಂಡಾ, ಟಾಂಜಾನಿಯಾ ಮೂರೂ ಹಂಚಿಕೊಂಡಿರುವ ಈ ಸರೋವರದ ವಿಸ್ತಾರ ಸುಮಾರು 68,800 ಚದರ ಕಿಲೋಮೀಟರ್. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು. ಆದರೆ ಆಳ ಕಡಿಮೆ, ಹೆಚ್ಚೆಂದರೆ 80 ಮೀಟರ್ ಆಸುಪಾಸು. ಸುಮಾರು 15,000 ವರ್ಷಗಳ ಹಿಂದೆ ಇದು ಒಣಗಿಹೋಗಿತ್ತು, ಆಮೇಲೆ ಮತ್ತೆ ತುಂಬಿತು. ತುಂಬಿದ ಈ ನೀರಿನಲ್ಲಿ ಸಿಕ್ಲಿಡ್ ಕುಟುಂಬದ ಪುಟ್ಟ ಮೀನುಗಳು ಒಡೆದು ಒಡೆದು ಸುಮಾರು 500 ಪ್ರಭೇದಗಳಾದವು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ಬೇಗ ಇಷ್ಟೊಂದು ಹೊಸ ಪ್ರಭೇದ ಹುಟ್ಟಿದ್ದು ಬೇರೆಲ್ಲೂ ಗೊತ್ತಿಲ್ಲ. ಅಂದ ಹಾಗೆ, ಸಿಕ್ಲಿಡ್ ನಮಗೂ ಹೊರಗಿನದಲ್ಲ. ದಕ್ಷಿಣ ಕನ್ನಡದ ನದಿಗಳಲ್ಲಿ ಇರುವ ಕೆನರಾ ಪರ್ಲ್‌ಸ್ಪಾಟ್ ಇದೇ ಕುಟುಂಬದ್ದು.

ಈ 500 ಬಗೆಯವು ಒಂದೊಂದೂ ಒಂದೊಂದು ಕಸುಬು ಹಿಡಿದಿದ್ದವು. ಬಂಡೆಯ ಪಾಚಿ ಕೆರೆದು ತಿನ್ನುವುದು ಒಂದು. ಬಸವನಹುಳುವಿನ ಚಿಪ್ಪು ಒಡೆದು ತಿನ್ನುವುದು ಇನ್ನೊಂದು. ಬೇರೆ ಮೀನಿನ ಹುರುಪೆ ಕಿತ್ತು ತಿನ್ನುವುದು ಮತ್ತೊಂದು. ಇಲ್ಲಿ ತಾಯಿ ಮೀನುಗಳು ಮೊಟ್ಟೆ ಮರಿಗಳನ್ನು ಬಾಯೊಳಗೆ ಇಟ್ಟು ಕಾಪಾಡುತ್ತವೆ. ಆ ತಾಯಿಯ ಬಾಯಿಗೇ ಬಾಯಿ ಹಾಕಿ ಮರಿಗಳನ್ನು ಕಕ್ಕಿಸಿ ನುಂಗುವ ಮೀನುಗಳೂ ಇದ್ದವು. ಸಿಕ್ಲಿಡ್‌ಗಳಿಗೆ ಗಂಟಲಲ್ಲಿ ಎರಡನೇ ಜೊತೆ ದವಡೆ ಇರುತ್ತದೆ. ಮುಂದಿನ ಬಾಯಿ ಹಿಡಿಯುತ್ತದೆ, ಹಿಂದಿನದು ಅರೆಯುತ್ತದೆ. ಹೀಗಾಗಿ ಮುಂದಿನ ಬಾಯಿ ಎಂಥ ಆಕಾರಕ್ಕೆ ಬೇಕಾದರೂ ಬದಲಾಗಲು ಸ್ವಾತಂತ್ರ್ಯ ಸಿಕ್ಕಿತು.

ದಡದ ಜನ ಈ ಪುಟ್ಟ ಮೀನುಗಳನ್ನೆಲ್ಲ ಟಾಂಜಾನಿಯಾದಲ್ಲಿ ಫುರು, ಕೆನ್ಯಾದಲ್ಲಿ ಫುಲು, ಉಗಾಂಡಾದಲ್ಲಿ ನ್‌ಕೆಜೆ ಎಂದು ಕರೆದರು. ಹಿಡಿದರು, ಒಣಗಿಸಿದರು, ತಿಂದರು. ವಸಾಹತು ಕಾಲದ ಅಧಿಕಾರಿಗಳಿಗೆ ಇವು ಮುಳ್ಳು ಜಾಸ್ತಿ, ಮಾಂಸ ಕಡಿಮೆ ಇರುವ ಬೇಡದ ಮೀನು. ಇವನ್ನು ತಿಂದು ದಪ್ಪಗಾಗುವ ದೊಡ್ಡ ಮೀನು ತಂದು ಬಿಟ್ಟರೆ ಲಾಭ ಅಂತ ಅವರ ಲೆಕ್ಕ. ಹಾಗೆ ನೈಲ್ ಪರ್ಚ್ ಬಂತು. ಎರಡು ಮೀಟರ್‌ವರೆಗೆ ಉದ್ದ ಬೆಳೆಯುವ ಬೇಟೆಗಾರ ಮೀನು. ಬಿಡಬೇಡಿ ಎಂದು ಎಚ್ಚರಿಸಿದವರು ಇದ್ದರು. ಉಗಾಂಡಾದ ಜಿಂಜಾದಲ್ಲಿದ್ದ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಜೆಫ್ರಿ ಫ್ರೈಯರ್ 1960ರಲ್ಲೇ ಇದರ ವಿರುದ್ಧ ಬರೆದರು. ಆದರೆ 1950ರ ದಶಕದಲ್ಲೇ ಮೀನು ಸರೋವರ ಸೇರಿಯಾಗಿತ್ತು, 1960ರ ದಶಕದ ಮೊದಲಲ್ಲಿ ಅಧಿಕೃತವಾಗಿಯೂ ಬಿಟ್ಟರು.

ಸುಮಾರು ಇಪ್ಪತ್ತು ವರ್ಷ ಏನೂ ಆಗಲಿಲ್ಲ. 1970ರ ದಶಕದಲ್ಲಿ ಸರೋವರದ ತಳದಲ್ಲಿ ಬಲೆ ಎಳೆದರೆ ಬರುತ್ತಿದ್ದ ಮೀನಿನ ತೂಕದಲ್ಲಿ ನೂರಕ್ಕೆ 80ರಷ್ಟು ಫುರು. ಇಷ್ಟೊಂದು ಇದೆಯಲ್ಲ, ಹಿಡಿದು ಪುಡಿ ಮಾಡಿ ಕೋಳಿ ಮೇವಿಗೆ ಹಾಕೋಣ ಅಂತ ಟಾಂಜಾನಿಯಾದಲ್ಲಿ ಯೋಜನೆಯಾಯಿತು. ಎಷ್ಟು ಹಿಡಿಯಬಹುದು ಅಂತ ತಿಳಿಯಲು 1977ರಲ್ಲಿ ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ತಂಡ ಮ್ವಾಂಜಾ ಕೊಲ್ಲಿಗೆ ಬಂತು. ಫ್ರಾನ್ಸ್ ವಿಟ್ಟೆ ಮತ್ತು ಜೊತೆಗಾರರು ಬಲೆ ಎಳೆದಾಗಲೆಲ್ಲ ಹೊಸ ಮೀನು. ಔಪಚಾರಿಕವಾಗಿ ಹೆಸರಿಡಲು ಪುರುಸೊತ್ತೇ ಇಲ್ಲ. ಮೂತಿ, ಬಣ್ಣ, ಹಲ್ಲು ನೋಡಿ ತಾತ್ಕಾಲಿಕವಾಗಿ ಅಡ್ಡಹೆಸರು ಕೊಟ್ಟು ಪುಸ್ತಕದಲ್ಲಿ ಬರೆದುಕೊಂಡರು. ನಿಧಾನವಾಗಿ ಹೆಸರಿಡೋಣ ಅಂದುಕೊಂಡಿದ್ದರು.

ನಿಧಾನಕ್ಕೆ ಕಾಲ ಸಿಗಲಿಲ್ಲ. 1980ರ ದಶಕದಲ್ಲಿ ನೈಲ್ ಪರ್ಚ್ ಒಮ್ಮೆಲೇ ಹೆಚ್ಚಿತು. ಕೆಲವೇ ವರ್ಷಗಳಲ್ಲಿ ಅದೇ ಬಲೆಗೆ ಬರುವ ಫುರು ನೂರಕ್ಕೆ ಒಂದಕ್ಕಿಂತ ಕಡಿಮೆ. ಸುಮಾರು 200 ಪ್ರಭೇದಗಳು ಕಣ್ಮರೆಯಾದವು ಅನ್ನುವುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಅವುಗಳಲ್ಲಿ ಎಷ್ಟೋ ಅಡ್ಡಹೆಸರಿನಲ್ಲೇ ಹೋದವು. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದೇ. ಹೆಸರಿನ ಜೊತೆ ಹೋದದ್ದನ್ನು ಕನಿಷ್ಠ ಏನು ಹೋಯಿತು ಅಂತ ಹೇಳಬಹುದು. ಹೆಸರಿಲ್ಲದೆ ಹೋದದ್ದು ಒಂದು ಅಂದಾಜಿನ ಅಂಕಿಯಾಗಿ ಉಳಿಯುತ್ತದೆ, ಅಷ್ಟೇ.

ನೈಲ್ ಪರ್ಚ್‌ನಿಂದ ಲಾಭವೇ ಆಗಲಿಲ್ಲ ಅನ್ನುವ ಹಾಗಿಲ್ಲ. ಸರೋವರದ ಸುತ್ತ ಕಾರ್ಖಾನೆಗಳು ಎದ್ದವು, ಮಾಂಸ ಯುರೋಪಿಗೆ ಹೊರಟಿತು, ಲಕ್ಷಾಂತರ ಜನಕ್ಕೆ ಕೆಲಸ ಸಿಕ್ಕಿತು. ಅದರ ಗಾಳಿಚೀಲಕ್ಕೆ ಚೀನಾದಲ್ಲಿ ಈಗ ಒಳ್ಳೆಯ ಬೆಲೆ. ಆದರೆ ದಡದ ಬಡವರ ತಟ್ಟೆಗೆ ಬಂದದ್ದು ಏನು? ಕೆನ್ಯಾದ ಪೇಟೆಗಳಲ್ಲಿ ಮ್ಗೊಂಗೊ ವಾಜಿ ಅಂತ ಮಾರುತ್ತಾರೆ. ಕಾರ್ಖಾನೆಯಲ್ಲಿ ಮಾಂಸ ತೆಗೆದ ಮೇಲೆ ಉಳಿದ ತಲೆ ಮತ್ತು ಬೆನ್ನೆಲುಬು. ಅದನ್ನೇ ಎಣ್ಣೆಯಲ್ಲಿ ಕರಿದು ತಿನ್ನುತ್ತಾರೆ. ಮೊದಲು ಫುರುವನ್ನು ಬಿಸಿಲಿಗೆ ಹರಡಿದರೆ ಸಾಕಿತ್ತು. ಕೊಬ್ಬು ಜಾಸ್ತಿ ಇರುವ ಪರ್ಚ್ ಒಣಗುವುದಿಲ್ಲ, ಹೊಗೆ ಹಾಕಬೇಕು, ಅದಕ್ಕೆ ಸೌದೆ ಬೇಕು. ಸೌದೆಗೆ ಮರ ಕಡಿದರೆ ಮಣ್ಣು ಕೊಚ್ಚಿ ಸರೋವರಕ್ಕೇ ಬರುತ್ತದೆ.

ಈ ಮಣ್ಣು ಮತ್ತು ಕೊಳಕು ನೀರಿನ ಕಥೆ ವರ್ಗೀಕರಣಕ್ಕೆ ನೇರ ಸಂಬಂಧಿಸಿದ್ದು. ಮ್ವಾಂಜಾ ಕೊಲ್ಲಿಯ ಬಂಡೆಗಳ ನಡುವೆ ಪುಂಡಾಮಿಲಿಯಾ ಎಂಬ ಕುಲದ ಎರಡು ಮೀನುಗಳಿವೆ. ಒಂದರ ಗಂಡು ನೀಲಿ. ಇನ್ನೊಂದರ ಗಂಡಿಗೆ ಬೆನ್ನು ಕೆಂಪು, ಪಕ್ಕ ಹಳದಿ. ಕೆಂಪಿನದಕ್ಕೆ ಟಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರ ಹೆಸರಿಟ್ಟಿದ್ದಾರೆ. ನೀಲಿಯವು ಮೇಲಿನ ನೀರಿನಲ್ಲಿ, ಕೆಂಪಿನವು ಸ್ವಲ್ಪ ಆಳದಲ್ಲಿ ಇರುತ್ತವೆ. ಆಳಕ್ಕೆ ಹೋದಷ್ಟೂ ಅಲ್ಲಿನ ನೀರಿನಲ್ಲಿ ನೀಲಿ ಬೆಳಕು ಇಂಗಿ ಹಳದಿ, ಕೆಂಪು ಉಳಿಯುತ್ತದೆ. ಓಲೆ ಸೀಹೌಸನ್ ಮತ್ತು ಸಂಗಡಿಗರು ಈ ಮೀನುಗಳ ಕಣ್ಣಿನ ವಂಶವಾಹಿ ನೋಡಿದರು. ಆಳದವುಗಳ ಕಣ್ಣು ಕೆಂಪಿಗೆ ಹದವಾಗಿದೆ, ಮೇಲಿನವುಗಳದು ಹಾಗಿಲ್ಲ. ಹೆಣ್ಣು ತನಗೆ ಚೆನ್ನಾಗಿ ಕಾಣುವ ಬಣ್ಣದ ಗಂಡನ್ನೇ ಆರಿಸುತ್ತದೆ. ಎರಡು ಪ್ರಭೇದಗಳು ಬೇರೆ ಬೇರೆ ಉಳಿದಿರುವುದು ಈ ಆಯ್ಕೆಯ ಬಲದಿಂದ.

ನೀರು ತಿಳಿಯಾಗಿರುವ ಮಕೋಬೆ ದ್ವೀಪದ ಹತ್ತಿರ ಇವು ಎರಡು ಸ್ಪಷ್ಟ ಪ್ರಭೇದಗಳು. ನೀರು ಬಗ್ಗಡವಾಗಿರುವ ಲುವಾನ್ಸೊ ದ್ವೀಪದ ಹತ್ತಿರ ಹೋದರೆ ನೀಲಿಯೂ ಅಲ್ಲದ, ಪೂರ್ತಿ ಕೆಂಪೂ ಅಲ್ಲದ ನಡುವಿನ ಬಣ್ಣದ ಮೀನುಗಳು. ಬಣ್ಣ ಕಾಣದಿದ್ದರೆ ಹೆಣ್ಣಿಗೆ ಆರಿಸಲು ಆಗುವುದಿಲ್ಲ, ಎರಡೂ ಬೆರೆತುಹೋಗುತ್ತವೆ. ಯಾವ ಬೇಟೆಗಾರ ಮೀನೂ ಬರಬೇಕಿಲ್ಲ. ಒಂದು ಮೀನೂ ಸಾಯದೆ ಒಂದು ಪ್ರಭೇದ ಇಲ್ಲವಾಗಬಹುದು. ಊರುಗಳ ಕೊಳಚೆ, ಹೊಲದ ಗೊಬ್ಬರ, ಕೊಚ್ಚಿ ಬಂದ ಮಣ್ಣು ಸಾಕು. 1990ರ ದಶಕದಲ್ಲಿ ಸರೋವರದ ಮೇಲೆ ಅಂತರಗಂಗೆ ಹಬ್ಬಿದ್ದೂ ಇದೇ ಗೊಬ್ಬರದ ನೀರು ಉಂಡು.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಇಷ್ಟು ಸುಲಭವಾಗಿ ಬೆರೆಯುವುದಾದರೆ ಅವು ನಿಜಕ್ಕೂ ಬೇರೆ ಪ್ರಭೇದಗಳೇ? ಮಲಾವಿ ಸರೋವರದಲ್ಲಿ 800ಕ್ಕೂ ಹೆಚ್ಚು ಸಿಕ್ಲಿಡ್‌ಗಳಿವೆ. ಅವುಗಳಲ್ಲಿ ಯಾವುದೇ ಎರಡನ್ನು ತೆಗೆದುಕೊಂಡರೂ ಡಿಎನ್‌ಎಯಲ್ಲಿ ಇರುವ ವ್ಯತ್ಯಾಸ ನೂರಕ್ಕೆ 0.1ರಿಂದ 0.25 ಮಾತ್ರ. ನಮ್ಮ ಶಾಲೆಗಳಲ್ಲಿ ಕಲಿಸುವ ವ್ಯಾಖ್ಯೆ ಹೇಗಿದೆ ಅಂದರೆ, ಕೂಡಿ ಮರಿ ಹಾಕಿ ಆ ಮರಿಗೂ ಮರಿಯಾದರೆ ಅದು ಒಂದೇ ಪ್ರಭೇದ. ಆ ಅಳತೆಗೋಲು ಈ ಸರೋವರಗಳಲ್ಲಿ ಕೆಲಸ ಮಾಡುವುದಿಲ್ಲ.

2017ರಲ್ಲಿ ಬಂದ ಒಂದು ಸಂಶೋಧನೆ ಇನ್ನೂ ಕುತೂಹಲದ ವಿಷಯ ಹೇಳಿತು. ವಿಕ್ಟೋರಿಯಾ ಪ್ರದೇಶದ ಈ ಎಲ್ಲ ಮೀನುಗಳ ಪೂರ್ವಜರೇ ಮಿಶ್ರತಳಿ. ಸುಮಾರು 1,50,000 ವರ್ಷಗಳ ಹಿಂದೆ ಕಾಂಗೊ ಕಡೆಯ ಒಂದು ವಂಶ, ನೈಲ್ ಕಡೆಯ ಒಂದು ವಂಶ ಸೇರಿ ಹುಟ್ಟಿದ್ದು. ಎರಡು ಕಡೆಯಿಂದ ಬಂದ ವಂಶವಾಹಿಗಳು ಬೇರೆ ಬೇರೆ ರೀತಿಯಲ್ಲಿ ಕೂಡಿಕೊಂಡು ಹೊಸ ಬಣ್ಣ, ಹೊಸ ದವಡೆ, ಹೊಸ ಕಣ್ಣು ಸಾಧ್ಯವಾದವು. ಅಂದರೆ ಬೆರೆತದ್ದೇ 500 ಪ್ರಭೇದಗಳಿಗೆ ದಾರಿ ಮಾಡಿತು. ಈಗ ಬೆರೆಯುವುದೇ ಅವುಗಳನ್ನು ಅಳಿಸುತ್ತಿದೆ. ಎರಡಕ್ಕೂ ನಡುವೆ ಇರುವ ವ್ಯತ್ಯಾಸ ನೀರಿನದು. ಅವತ್ತು ಬೆರೆತ ಮೀನಿಗೆ ತಿಳಿನೀರು, ಬಂಡೆ, ಮರಳು, ಆಳ ಎಲ್ಲ ಖಾಲಿ ಇದ್ದವು, ಹರಡಿಕೊಂಡು ಬೇರೆಯಾಗಲು ಅವಕಾಶವಿತ್ತು. ಇವತ್ತು ಆ ಅವಕಾಶಗಳೇ ಮುಚ್ಚುತ್ತಿವೆ.

ಪ್ರಭೇದ ಅನ್ನುವುದನ್ನು ಅದು ಬದುಕುವ ರೀತಿಯ ಜೊತೆ ಸೇರಿಸಿ ನೋಡಬೇಕು ಅಂತ ನಾನು ಒಪ್ಪುವುದು ಇದಕ್ಕೇ. ಮಲಾವಿಯ ಮೀನುಗಾರರು ಇದನ್ನು ಬಹಳ ಹಿಂದೆಯೇ ಮಾಡಿದ್ದರು. ಬಂಡೆಯ ಮೀನು ಮ್ಬುನಾ, ನಡುನೀರಿನಲ್ಲಿ ಗುಂಪಾಗಿ ಸಾಗುವುದು ಉಟಾಕಾ, ಉದ್ದ ಮೈಯ ಬೇಟೆಗಾರ ನ್ಚೆನಿ, ತಟ್ಟೆಗೆ ಬೇಕಾದ ತಿಲಾಪಿಯಾ ಚಾಂಬೊ. ಆಮೇಲೆ ಡಿಎನ್‌ಎ ಓದಿದವರೂ ಮ್ಬುನಾ, ಉಟಾಕಾ ಎಂಬ ಅದೇ ಹೆಸರುಗಳಲ್ಲೇ ಗುಂಪುಗಳನ್ನು ಗುರುತಿಸುತ್ತಾರೆ.

ವಿಕ್ಟೋರಿಯಾದಲ್ಲಿ ಎಲ್ಲವೂ ಮುಗಿದಿಲ್ಲ ಅನ್ನುವುದನ್ನೂ ಹೇಳಬೇಕು. 1990ರ ದಶಕದಿಂದ ನೈಲ್ ಪರ್ಚ್ ಅನ್ನು ಜಾಸ್ತಿ ಹಿಡಿದ ಹಾಗೆ ಕೆಲವು ಫುರು ಮರಳಿ ಬಂದವು. ಬಂದವು ಮೊದಲಿನ ಹಾಗೇ ಇಲ್ಲ. ಆಮ್ಲಜನಕ ಕಡಿಮೆ ಇರುವ ನೀರಿಗೆ ಹೊಂದಿಕೊಂಡು ಒಂದು ಪ್ರಭೇದದ ಕಿವಿರು ಮೊದಲಿಗಿಂತ ಬಹಳ ದೊಡ್ಡದಾಗಿದೆ. ಇದು ಗೊತ್ತಾದದ್ದು ಹಳೆಯ ಮಾದರಿಗಳನ್ನು ಲೈಡನ್‌ನಲ್ಲಿ ಜೋಪಾನವಾಗಿ ಇಟ್ಟಿದ್ದರಿಂದ.

ಈಗ ತಿಲಾಪಿಯಾ. ಇದು ನಮ್ಮ ಕೆರೆಗಳಿಗೂ ತಾಗುವ ವಿಷಯ. ನಾವು ಜಿಲೇಬಿ ಮೀನು ಅನ್ನುವುದು ಮೂಲತಃ ಮೊಜಾಂಬಿಕ್ ತಿಲಾಪಿಯಾ. 1952ರಲ್ಲಿ ಭಾರತಕ್ಕೆ ತಂದರು. ಕೆರೆ, ಜಲಾಶಯ, ನದಿ ಎಲ್ಲೆಲ್ಲೂ ಹಬ್ಬಿತು. ಆಮೇಲೆ ನೈಲ್ ತಿಲಾಪಿಯಾ ಕೂಡ ಬಂತು. ಇಲ್ಲಿ ಎಲ್ಲಿ ನೋಡಿದರೂ ಸಿಗುವ ಈ ಜಿಲೇಬಿ ತನ್ನ ತವರಾದ ದಕ್ಷಿಣ ಆಫ್ರಿಕಾ ಭಾಗದ ನದಿಗಳಲ್ಲಿ ಅಪಾಯಕ್ಕೆ ಸಿಕ್ಕಿದ ಪ್ರಭೇದ ಅಂದರೆ ನಂಬುವುದು ಕಷ್ಟ, ಅಲ್ವಾ? ಕೆಂಪು ಪಟ್ಟಿಯಲ್ಲಿ ಅದರ ಸ್ಥಾನ ಹಾಗೆಯೇ ಇದೆ. ಸಾಕಣೆಗೆ ತಂದ ನೈಲ್ ತಿಲಾಪಿಯಾ ತಪ್ಪಿಸಿಕೊಂಡು ಲಿಂಪೊಪೊದಂಥ ನದಿಗಳಿಗೆ ಹೋಗಿ ಅದರ ಜೊತೆ ಬೆರೆಯುತ್ತಿದೆ. ಶುದ್ಧ ನೈಲ್ ತಿಲಾಪಿಯಾದ ಬಾಲದ ರೆಕ್ಕೆಯ ಮೇಲೆ ಮೇಲಿಂದ ಕೆಳಕ್ಕೆ ತೆಳ್ಳನೆಯ ಗೆರೆಗಳು ಸಾಲಾಗಿ ಇರುತ್ತವೆ. ಮೊಜಾಂಬಿಕ್ ತಿಲಾಪಿಯಾದ ಬಾಲದಲ್ಲಿ ಅವು ಇರುವುದಿಲ್ಲ, ಮರಿ ಮಾಡುವ ಕಾಲಕ್ಕೆ ಗಂಡು ಕಪ್ಪಾಗಿ ಗಂಟಲು ಬೆಳ್ಳಗಾಗುತ್ತದೆ. ಬೆರಕೆ ಮೀನಿನಲ್ಲಿ ಗೆರೆಗಳು ಅರ್ಧಂಬರ್ಧ. ಎರಡು ಮೂರು ತಲೆಮಾರು ದಾಟಿದ ಬೆರಕೆಯನ್ನು ಬರಿಗಣ್ಣಿನಿಂದ ಹೇಳುವುದೇ ಆಗುವುದಿಲ್ಲ.

ತಿಲಾಪಿಯಾ ಅನ್ನುವ ಒಂದೇ ಹೆಸರಿನಡಿ ಎಷ್ಟೊಂದು ಮೀನು ಸೇರಿಸಿಬಿಟ್ಟಿದ್ದರು. ಇದನ್ನು ಬಿಡಿಸಿದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಎಥೆಲ್ವಿನ್ ಟ್ರೆವಾವಾಸ್. ಮರಿಗಳನ್ನು ಯಾರು ಹೇಗೆ ಕಾಯುತ್ತಾರೆ ಎಂಬುದಕ್ಕೆ ಅವರು ಮಹತ್ವ ಕೊಟ್ಟರು. ಮೊಟ್ಟೆಯನ್ನು ತಳಕ್ಕೆ ಅಂಟಿಸಿ ಕಾಯುವವು ಒಂದು ಗುಂಪು. ಗಂಡೋ ಅಥವಾ ಇಬ್ಬರೂ ಸೇರಿಯೋ ಬಾಯಲ್ಲಿ ಕಾಯುವವು ಇನ್ನೊಂದು. ತಾಯಿ ಮಾತ್ರ ಬಾಯಲ್ಲಿ ಕಾಯುವವು ಮತ್ತೊಂದು, ಅದೇ ಓರಿಯೊಕ್ರೋಮಿಸ್ ಕುಲ. 1983ರಲ್ಲಿ ಅವರ ದೊಡ್ಡ ಗ್ರಂಥ ಬಂದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಕ್ಯಾಮರೂನ್‌ನ ಬರೊಂಬಿ ಎಂಬೊ ಎಂಬ ಜ್ವಾಲಾಮುಖಿ ಕೆರೆಯಲ್ಲಿ ಬೇರೆಲ್ಲೂ ಇಲ್ಲದ 11 ಸಿಕ್ಲಿಡ್‌ಗಳಿವೆ. ಅಗಲ ಎರಡೂವರೆ ಕಿಲೋಮೀಟರ್‌ನಷ್ಟಿರುವ ಆ ಪುಟ್ಟ ಕೆರೆಯ ಮೀನುಗಳ ಮೇಲೂ ಅವರು ಕೆಲಸ ಮಾಡಿದ್ದರು.

ಈ ವಿವರಗಳಿಂದ ಏನು ಉಪಯೋಗ ಅಂತ ಕೇಳಬಹುದು. ಕೆನ್ಯಾದ ಮಗಾಡಿ ಸರೋವರ ನೋಡಿ. ಟಾಟಾ ಕೆಮಿಕಲ್ಸ್‌ನ ಸೋಡಾ ಕಾರ್ಖಾನೆ ಇರುವ ಜಾಗ ಅದು. ನೀರು ಸುಡುವಷ್ಟು ಬಿಸಿ, ಕ್ಷಾರ ಎಷ್ಟೆಂದರೆ ಪಿಎಚ್ 10ರ ಹತ್ತಿರ. ಬೇರೆ ಮೀನು ಕ್ಷಣದಲ್ಲಿ ಸಾಯುತ್ತದೆ. ಅಲ್ಲಿನ ಬಿಸಿನೀರ ಬುಗ್ಗೆಗಳ ಸುತ್ತ ಒಂದು ಪುಟ್ಟ ತಿಲಾಪಿಯಾ ಬದುಕುತ್ತದೆ. ಮೀನುಗಳು ಸಾಮಾನ್ಯವಾಗಿ ಮೈಯ ಕಶ್ಮಲವನ್ನು ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತವೆ. ಅಷ್ಟು ಕ್ಷಾರದಲ್ಲಿ ಅದು ಆಗುವುದಿಲ್ಲ. ಈ ಮೀನು ನಮ್ಮ ಹಾಗೆ ಯೂರಿಯಾ ಮಾಡಿ ಬಿಡುತ್ತದೆ. ಡಿಎನ್‌ಎ ಪ್ರಕಾರ ಇದು ಸಾಕಣೆಯ ತಿಲಾಪಿಯಾಗಳ ವಂಶಕ್ಕೇ ಸೇರಿದ್ದು. ಜಗತ್ತಿನ ಎಷ್ಟೋ ದೇಶಗಳು ತಿಲಾಪಿಯಾ ಸಾಕುತ್ತಿವೆ, ನೀರು ಎಲ್ಲ ಕಡೆ ಬಿಸಿಯಾಗುತ್ತಿದೆ, ಉಪ್ಪಾಗುತ್ತಿದೆ. ಮುಂದೆ ಬೇಕಾಗುವ ಗುಣಗಳು ಇಂಥ ಕಾಡು ಮೀನುಗಳಲ್ಲೇ ಇವೆ. ರಾಜಮುಡಿ, ಗಂಧಸಾಲೆಯಂಥ ನಾಡಭತ್ತದ ಬೀಜ ಉಳಿಸಬೇಕು ಅಂತ ನಾವು ಯಾಕೆ ಹೇಳುತ್ತೇವೋ, ಆಫ್ರಿಕಾದ ನದಿಯೊಂದೊಂದರ ತಿಲಾಪಿಯಾ ಉಳಿಯಬೇಕಾದದ್ದೂ ಅದಕ್ಕೇ.

ಆದರೆ ಆಗುತ್ತಿರುವುದು ಬೇರೆ. ಜಾಂಬಿಯಾದ ಕಾಫುಯೆ ನದಿಯಲ್ಲಿ ತಪ್ಪಿಸಿಕೊಂಡ ನೈಲ್ ತಿಲಾಪಿಯಾ ಸ್ಥಳೀಯ ಪ್ರಭೇದಗಳ ಜೊತೆ ಬೆರೆತಿದೆ. ವಿಕ್ಟೋರಿಯಾದಲ್ಲಿ ಮೊದಲು ಎಲ್ಲರ ಅಚ್ಚುಮೆಚ್ಚಿನ ಮೀನಾಗಿದ್ದದ್ದು ನ್ಗೆಗೆ ಎಂಬ ಸ್ಥಳೀಯ ತಿಲಾಪಿಯಾ. ಈಗ ದೊಡ್ಡ ಸರೋವರದಲ್ಲಿ ಅದು ಇಲ್ಲವೆಂದೇ ಹೇಳಬೇಕು. ಕೆನ್ಯಾದ ಯಾಲಾ ಜೌಗಿನ ಕನ್ಯಾಬೋಲಿಯಂಥ ಪಕ್ಕದ ಸಣ್ಣ ಕೆರೆಗಳಲ್ಲಿ ಉಳಿದುಕೊಂಡಿದೆ, ಅಲ್ಲೂ ನೈಲ್ ತಿಲಾಪಿಯಾದ ವಂಶವಾಹಿಗಳ ಕುರುಹು ಸಿಕ್ಕಿದೆ. ಇದರ ನಡುವೆ ಸರೋವರದಲ್ಲಿ ಸಾವಿರಾರು ಪಂಜರಗಳನ್ನು ಇಳಿಸಿ ನೈಲ್ ತಿಲಾಪಿಯಾ ಸಾಕುವುದು ಹೆಚ್ಚುತ್ತಿದೆ. ಜನಕ್ಕೆ ಮೀನು ಬೇಕು, ನಿಜ. ಎಲ್ಲಿ ಯಾವ ಸ್ಥಳೀಯ ಪ್ರಭೇದ ಇದೆ ಅಂತ ಮೊದಲು ನೋಡಿ, ಅಲ್ಲಿಗೆ ಅದೇ ಮೀನಿನ ತಳಿ ಬೆಳೆಸಿ ಸಾಕಬಹುದು. ಜಾಂಬಿಯಾದಲ್ಲಿ ಕೆಲವರು ತಮ್ಮದೇ ನದಿಯ ಮೂರುಚುಕ್ಕೆ ತಿಲಾಪಿಯಾ ಸಾಕುತ್ತಿದ್ದಾರೆ. ಇದು ಆಗದ ಕೆಲಸವೇನಲ್ಲ.

ಹೆಸರಿನ ಗೊಂದಲ ಸಿಕ್ಲಿಡ್‌ಗಳದ್ದು ಮಾತ್ರ ಅಂದುಕೊಳ್ಳಬೇಡಿ. ಯುರೋಪಿನ ಬಾರ್ಬಸ್ ಎಂಬ ಕುಲದ ಹೆಸರನ್ನೇ ಆಫ್ರಿಕಾದ ನೂರಾರು ಬಾರ್ಬ್ ಮೀನುಗಳಿಗೂ ಹಾಕಿಬಿಟ್ಟಿದ್ದರು. ಕ್ರೋಮೋಸೋಮ್ ನೋಡಿದರೆ ಆಫ್ರಿಕಾದ ಪುಟ್ಟ ಬಾರ್ಬ್‌ಗಳಲ್ಲಿ ಎರಡು ಸೆಟ್, ಯುರೋಪಿನವುಗಳಲ್ಲಿ ನಾಲ್ಕು, ಆಫ್ರಿಕಾದ ದೊಡ್ಡವುಗಳಲ್ಲಿ ಆರು. ಮೂರೂ ಬೇರೆ ವಂಶ. ದೊಡ್ಡವು ನಮ್ಮ ಮಹಶೀರ್‌ಗಳ ದೂರದ ಬಂಧುಗಳು. ಇಥಿಯೋಪಿಯಾದ ತಾನಾ ಸರೋವರದಲ್ಲಿ ಈ ದೊಡ್ಡ ಬಾರ್ಬ್‌ಗಳನ್ನು ಒಂದೇ ಪ್ರಭೇದ ಅನ್ನುತ್ತಿದ್ದರು, ಸರಿಯಾಗಿ ನೋಡಿದಾಗ ಹದಿನೈದರಷ್ಟು ಬಂದವು. ನಮ್ಮಲ್ಲೂ ಇದೇ ನಡೆದಿದೆ. ಕಾವೇರಿಯ ಬೆನ್ನುಗೂನು ಮಹಶೀರ್ ನೂರು ವರ್ಷದಿಂದ ಗಾಳಗಾರರಿಗೆ ಗೊತ್ತಿತ್ತು. ಆದರೂ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಅಂತ ಖಚಿತವಾದದ್ದು 2018ರಲ್ಲಿ. ಕೆಂಪು ಪಟ್ಟಿಯಲ್ಲಿ ಅತಿ ಗಂಭೀರ ಅಪಾಯದ ಸ್ಥಾನ ಸಿಕ್ಕಿದ್ದು ಆ ಹೆಸರಿನ ಬೆನ್ನಿಗೇ.

ಆಫ್ರಿಕಾದ ಮೀನುಗಳಿಗೆ ಹೆಸರಿಟ್ಟವರು ಯಾರು, ಎಲ್ಲಿ ಕೂತು ಇಟ್ಟರು ಅನ್ನುವುದೂ ಮುಖ್ಯ. ಜಾರ್ಜ್ ಬೂಲೆಂಜರ್ 1909ರಿಂದ 1916ರವರೆಗೆ ನಾಲ್ಕು ಸಂಪುಟಗಳಲ್ಲಿ ಆ ಖಂಡದ ಮೀನುಗಳ ಪಟ್ಟಿ ತಂದದ್ದು ಲಂಡನ್ನಿನಿಂದ. ಕಾಂಗೊದ ಮೀನುಗಳ ದೊಡ್ಡ ಭಂಡಾರ ಇರುವುದು ಬೆಲ್ಜಿಯಂನ ಟೆರ್ವೂರೆನ್‌ನಲ್ಲಿ. ಒಂದು ಹೆಸರು ಯಾವ ಮೀನಿಗೆ ಸೇರಿದ್ದು ಅಂತ ತೀರ್ಮಾನಿಸುವ ಮೂಲ ಮಾದರಿಗಳಲ್ಲಿ ಹೆಚ್ಚಿನವು ಯುರೋಪಿನಲ್ಲೇ ಇವೆ. ಕಿನ್ಶಾಸಾದ ಒಬ್ಬ ವಿದ್ಯಾರ್ಥಿ ತನ್ನ ಊರಿನ ಹೊಳೆಯ ಮೀನನ್ನು ಖಚಿತಪಡಿಸಿಕೊಳ್ಳಬೇಕಾದರೆ ವೀಸಾ, ವಿಮಾನದ ಟಿಕೆಟ್ ಬೇಕು. ಈಗ ಸ್ಕ್ಯಾನ್‌ಗಳು, ಡಿಎನ್‌ಎ ಕಡತಗಳು ಇಂಟರ್‌ನೆಟ್‌ಗೆ ಬರುತ್ತಿವೆ. ಟೆರ್ವೂರೆನ್‌ನ ಎಂಬಿಸಾ ಕಾಂಗೊ ಯೋಜನೆಯಲ್ಲಿ ಕಾಂಗೊದ ತರುಣರು ತರಬೇತಿ ಪಡೆಯುತ್ತಿದ್ದಾರೆ. ದಕ್ಷಿಣ ಆಫ್ರಿಕಾದ ಮಖಾಂಡಾದಲ್ಲಿ ಖಂಡದ್ದೇ ಆದ ಒಳ್ಳೆಯ ಸಂಗ್ರಹ ಮತ್ತು ಸಂಸ್ಥೆ ಇದೆ. ಇಷ್ಟು ಸಾಲದು. ಮೀನು ಇರುವ ದೇಶದಲ್ಲೇ ಸಂಗ್ರಹ ಇರಬೇಕು, ಅದನ್ನು ಓದುವವರಿಗೆ ಅಲ್ಲೇ ಸಂಬಳದ ಕೆಲಸ ಇರಬೇಕು.

ಇದು ಎಷ್ಟು ತುರ್ತು ಅನ್ನುವುದಕ್ಕೆ ಕಾಂಗೊ ನದಿಯ ಕೊನೆಯ ಭಾಗ ನೋಡಿ. ಕಿನ್ಶಾಸಾ ದಾಟಿದ ಮೇಲೆ ನದಿ ಬಂಡೆಗಳ ನಡುವೆ ನುಗ್ಗಿ ಸಮುದ್ರಕ್ಕೆ ಇಳಿಯುತ್ತದೆ. ಕೆಲವು ಕಡೆ ಆಳ 200 ಮೀಟರ್ ಮೀರುತ್ತದೆ. ನ್ಯೂಯಾರ್ಕಿನ ಮ್ಯೂಸಿಯಂನ ಮೆಲನಿ ಸ್ಟಿಯಾಸ್ನಿ ಮತ್ತು ಕಾಂಗೊದ ಅವರ ಸಹೋದ್ಯೋಗಿಗಳು ಇಲ್ಲಿ 300ಕ್ಕೂ ಹೆಚ್ಚು ಮೀನು ಪ್ರಭೇದ ಕಂಡಿದ್ದಾರೆ, ಅದರಲ್ಲಿ ಎಷ್ಟೋ ಬೇರೆಲ್ಲೂ ಇಲ್ಲ. ನಡುವಿನ ಪ್ರವಾಹ ಎಷ್ಟು ಜೋರೆಂದರೆ ಒಂದು ದಡದ ಮೀನು ಇನ್ನೊಂದು ದಡಕ್ಕೆ ಹೋಗಲಾರದು, ಎರಡು ದಡಗಳ ಮೀನುಗಳಲ್ಲಿ ಡಿಎನ್‌ಎಯೇ ಬೇರೆಯಾಗಿದೆ. ಅಲ್ಲಿ ಒಂದು ಕುರುಡು ಸಿಕ್ಲಿಡ್ ಇದೆ, ಮೈ ಬಿಳಿಚಿಕೊಂಡಿದೆ. ಸಿಗುವುದು ಹೆಚ್ಚಾಗಿ ಸತ್ತ ಅಥವಾ ಸಾಯುತ್ತಿರುವ ಸ್ಥಿತಿಯಲ್ಲಿ. ಒಂದನ್ನು ಪರೀಕ್ಷಿಸಿದಾಗ ಚರ್ಮದ ಕೆಳಗೆ, ಕಿವಿರಿನ ಹತ್ತಿರ ಗಾಳಿಗುಳ್ಳೆಗಳು. ಆಳದಿಂದ ಪ್ರವಾಹ ಒಮ್ಮೆಲೇ ಮೇಲಕ್ಕೆ ಎಸೆದಾಗ ಒತ್ತಡ ಇಳಿದು ಸಾಯುತ್ತದೆ ಅಂತ ಆಗ ತಿಳಿಯಿತು. ನದಿಯ ತಳ ಎಂಥದ್ದು ಅಂತ ಅಳೆಯಲು ಹೊರಟದ್ದೂ ಆ ಮೀನಿನ ಜಾಡು ಹಿಡಿದೇ.

ಇದೇ ಭಾಗದಲ್ಲಿ ಇಂಗಾ ಅಣೆಕಟ್ಟುಗಳಿವೆ. ಒಂದು 1972ರದ್ದು, ಇನ್ನೊಂದು 1982ರದ್ದು. ಮೂರನೆಯದಕ್ಕೆ ಕೊಡುತ್ತಿದ್ದ ಹಣವನ್ನು ವಿಶ್ವಬ್ಯಾಂಕ್ 2016ರಲ್ಲಿ ನಿಲ್ಲಿಸಿತ್ತು. 2025ರಲ್ಲಿ ಯೋಜನೆಯ ಸಿದ್ಧತೆಗೆಂದು ಮತ್ತೆ ಹಣ ಕೊಡಲು ಒಪ್ಪಿತು. ಕಾಂಗೊದ ಬಹುಪಾಲು ಜನರಿಗೆ ಇನ್ನೂ ಕರೆಂಟ್ ಇಲ್ಲ. ಅವರಿಗೆ ಕರೆಂಟ್ ಬೇಡ ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಸಿದ್ಧತೆಯ ವರ್ಷಗಳು ಸಿಕ್ಕಿವೆ. ಯಾವ ಬಂಡೆಯ ಸುತ್ತ ಯಾವ ಮೀನು, ಯಾವ ಕವಲಿನಲ್ಲಿ ಎಷ್ಟು ನೀರು ಕಡಿಮೆಯಾದರೆ ಯಾವುದಕ್ಕೆ ಕುತ್ತು ಅಂತ ಕಾಂಗೊದ ವಿಜ್ಞಾನಿಗಳೇ ಪಟ್ಟಿ ಮಾಡಲು ಇದೇ ಸಮಯ. ಆ ಹಣದ ಒಂದು ಸಣ್ಣ ಪಾಲು ಬಲೆಗೆ, ದೋಣಿಗೆ, ಡಿಎನ್‌ಎ ಪರೀಕ್ಷೆಗೆ, ಕಿನ್ಶಾಸಾದಲ್ಲಿ ಒಂದು ಮಾದರಿ ಕೋಣೆಗೆ ಹೋಗಬೇಕು. ಆ ಪಟ್ಟಿ ಪೂರ್ತಿಯಾಗುವ ಮೊದಲು ನದಿಯ ದಿಕ್ಕು ತಿರುಗಿಸುವ ನಕ್ಷೆಗೆ ಯಾರೂ ಸಹಿ ಹಾಕಬಾರದು.